ಬೋರಿಂಗ್ ಕೆಟ್ಟ ಓಣಿಯಲ್ಲಿ ಅಭಿಪ್ರಾಯ ಸಂಗ್ರಹ

ಸರ್ಕಾರ ಮೊದಲು ಒಂದು ಕೆಲಸ ಮಾಡುತ್ತದೆ. ಆಮೇಲೆ ಆ ಕೆಲಸ ಆಯಿತೋ ಇಲ್ಲವೋ ಎಂದು ಜನರನ್ನು ಕೇಳಲು ಜೀಪು ಕಳಿಸುತ್ತದೆ. ಈ ಎರಡರ ನಡುವೆ ನಗುವಂಥದ್ದು ಒಂದಾದರೂ ನಡೆಯದೆ ಹೋದದ್ದನ್ನು ನಾನಂತೂ ಕಾಣೆ. ಆ ಜೀಪಿನ ಹಿಂದಿನ ಸೀಟಿನಲ್ಲಿ ಕೂತು ಧೂಳು ನುಂಗಿದವನು ನಾನು. ಅರ್ಥಶಾಸ್ತ್ರದಲ್ಲಿ ಬಿ.ಎ. ಮುಗಿಸಿ, ಯೋಜನೆಗಳ ಮೌಲ್ಯಮಾಪನ ಮಾಡುವ ಕಚೇರಿಗೆ ಸೇರಿ, ಎಂಬತ್ತು-ತೊಂಬತ್ತರ ದಶಕವನ್ನೆಲ್ಲ ಸಿಂಧನೂರು, ಮಸ್ಕಿ, ಲಿಂಗಸುಗೂರುಗಳ ನಡುವೆ ಸವೆಸಿದೆ. ಈಗ ನಿವೃತ್ತ. ಪಿಂಚಣಿ ಬರುತ್ತದೆ, ಸಕ್ಕರೆ ಕಾಯಿಲೆ ಬಂದಿಲ್ಲ, ಬಾಯಲ್ಲಿರುವ ಹಲ್ಲೆಲ್ಲ ಸ್ವಂತದವು. ಇನ್ನೇನು ಬೇಕು? ಸಂಜೆ ಸಿಂಧನೂರಿನ ಚಹಾದಂಗಡಿಯ ಬೆಂಚಿನ ಮೇಲೆ ಕೂತರೆ ಗೆಳೆಯರು, "ಆ ಬೋರಿಂಗಿನ ಸುದ್ದಿ ಇನ್ನೊಮ್ಮಿ ಹೇಳ್ರೀ" ಅನ್ನುತ್ತಾರೆ. ನನಗೂ ಅಷ್ಟೇ ಬೇಕು. ಹೇಳುತ್ತೇನೆ. ಎಲ್ಲರೂ ಹೊಟ್ಟೆ ಹಿಡಿದು ನಗುತ್ತೇವೆ. ಚಹಾ ಮಾತ್ರ ಯಾಕೋ ಕಹಿ ಹತ್ತುತ್ತದೆ.

ರುಚಿ ಹೇಗಿದೆ?

ಮಸ್ಕಿಯಿಂದ ಲಿಂಗಸುಗೂರಿಗೆ ಹೋಗುವ ದಾರಿಯಲ್ಲಿ ಒಳಕ್ಕೆ ಹೊರಳಿದರೆ ಒಂದು ಊರು. ಸಿಂಧನೂರಿನ ಕಡೆ ಕಾಲುವೆ ನೀರು ಹರಿದು ಭತ್ತ ಬೆಳೆಯುವಾಗ ಈ ಊರಿನವರು ಅದನ್ನು ಬಸ್ಸಿನ ಕಿಟಕಿಯಿಂದ ನೋಡಿ ಬರುತ್ತಿದ್ದರು, ಅಷ್ಟೆ. ಊರಿನ ಕೆಳಗಿನ ಓಣಿಗೆ ಸರ್ಕಾರ ಒಂದು ಕೈಪಂಪು ಹಾಕಿಸಿತ್ತು. ನಮ್ಮ ಕಡೆ ಕೈಪಂಪು ಅಂದರೆ ಯಾರಿಗೂ ತಿಳಿಯುವುದಿಲ್ಲ, ಬೋರಿಂಗ್ ಅನ್ನಬೇಕು. ಮೊದಲ ಬೇಸಿಗೆಯಲ್ಲೇ ಒಳಗಿನ ಪೈಪು ಕಳಚಿ ಬಿದ್ದು ಬೋರಿಂಗ್ ಕೆಟ್ಟಿತು. ಹೆಂಗಸರು ಮತ್ತೆ ಹಳ್ಳಕ್ಕೆ ಹೋಗಿ, ಉಸುಕು ತೋಡಿ, ಒಸರುವ ನೀರನ್ನು ಬಟ್ಟಲಿನಿಂದ ಗೋರಿ ಕೊಡ ತುಂಬತೊಡಗಿದರು.

ಆಗ ನಾವು ಕುಡಿಯುವ ನೀರಿನ ಯೋಜನೆಯ ಮೌಲ್ಯಮಾಪನಕ್ಕೆ ಹೋದೆವು. ನಮ್ಮ ಸಾಹೇಬರು ಬೆಂಗಳೂರಿನವರು, ಮೃದು ಸ್ವಭಾವ, ಬೈದು ಗೊತ್ತಿಲ್ಲ. ಮೊದಲು ಸಿಕ್ಕವಳು ಒಬ್ಬ ವಿಧವೆ. ಓಣಿಯೆಲ್ಲ ಆಕೆಯನ್ನು ಅವ್ವ ಎಂದೇ ಕರೆಯುತ್ತಿತ್ತು. ಇದ್ದವನು ಒಬ್ಬನೇ ಮಗ, ಗೌಂಡಿ ಕೆಲಸದವನು.

"ಏನಮ್ಮಾ, ಈ ಪಂಪಿನ ನೀರಿನ ರುಚಿ ಹೇಗಿದೆ? ಸಿಹಿಯೋ, ಸವುಳೋ?" ಸಾಹೇಬರು ಕೇಳಿದರು.

"ಮರ್ತೀನ್ರೀ ಸಾಹೇಬ್ರ."

"ಸ್ವಲ್ಪ ನೆನಪು ಮಾಡ್ಕೊಳ್ಳಿ."

"ನೆನಪಾಗಾಕ ಒಂದ್ ಗುಟುಕರ ಬರಬೇಕಲ್ರೀ! ಬೋರಿಂಗ್ ಕೆಟ್ಟ್ ಕುಂತೈತಿ. ಇದರ ಸಲುವಾಗಿ ನನ್ನ ಮಗಗ ಯಾರೂ ಹೆಣ್ಣ ಕೊಡವಲ್ರು. ಮನಿ ನೋಡಾಕ ಬರ್ತಾರ, ಹುಡುಗನ್ನ ಒಪ್ತಾರ, ಉಪ್ಪಿಟ್ಟ ತಿಂತಾರ. ಕಡೀಕ 'ನೀರಿಗೆ ಎಲ್ಲಿಗೆ ಹೋಗ್ತೀರಿ' ಅಂತಾರ. ಹಳ್ಳಕ್ಕ ಅಂದಕೂಡ್ಲೆ ಚಪ್ಪಲಿ ಮೆಟ್ಟಿಕೊಂಡು ನಡದ್ರ ಹೊಳ್ಳಿ ನೋಡಂಗಿಲ್ಲ. ಇದೊಂದ್ ರಿಪೇರಿ ಮಾಡಿಸ್ರೀ ಯಪ್ಪಾ, ನನ್ನ ಮನ್ಯಾಗ ಒಂದ್ ಸೊಸಿ ಕಾಲಿಡ್ಲಿ."

ಸಾಹೇಬರು ಪಾಪ ಮರುಗಿದರು. ಆಮೇಲೆ ನನ್ನ ಕಡೆ ಬಗ್ಗಿ, "ಮದುವೆ ವಿಷಯ ನಮ್ಮ ವ್ಯಾಪ್ತಿಗೆ ಬರಲ್ಲ. ರುಚಿ ಬಗ್ಗೆ ಏನಾದ್ರೂ ದೂರು ಹೇಳಿದ್ರಾ?" ಎಂದರು.

"ಇಲ್ಲ ಸಾರ್."

"ಹಾಗಾದ್ರೆ ಬರ್ಕೊಳ್ಳಿ. ನೀರಿನ ರುಚಿಯ ಬಗ್ಗೆ ಜನರ ದೂರು ಇರುವುದಿಲ್ಲ."

ಕೋಳಿಯ ಪಾಲು

ಅವ್ವ ಸುಮ್ಮನೆ ಕೂಡುವವಳಲ್ಲ. ಬಸ್ಸು ಹತ್ತಿ ಲಿಂಗಸುಗೂರಿಗೆ ಹೋಗಿ ಬೋರಿಂಗ್ ರಿಪೇರಿಯವರನ್ನು ಹಿಡಿದಳು. ಅವರು, "ಮ್ಯಾಲಿನವರು ಮೌಲ್ಯಮಾಪನ ಮಾಡಾಕತ್ತಾರ ಬೇ, ಅವರು ಬರದು ಕೊಡೋತನ ನಾವು ಮುಟ್ಟಂಗಿಲ್ಲ" ಎಂದು ಕಳಿಸಿದರು. ಅಲ್ಲಿಂದ ಆಕೆಗೆ ನಮ್ಮ ಜೀಪೇ ಗತಿಯಾಯಿತು. ಧೂಳು ಕಂಡರೆ ಸಾಕು, ಸೆರಗು ಸುತ್ತಿಕೊಂಡು ಓಡಿಬರುತ್ತಿದ್ದಳು.

ಅಷ್ಟರಲ್ಲಿ ಜನರ ಸಹಭಾಗಿತ್ವ ಎಂಬ ಹೊಸ ಗಾಳಿ ಬೀಸಿತು. ಸಾಹೇಬರು ಕೇಳಿ ಬರೆದುಕೊಂಡರೆ ಸಾಲದು, ಊರಿನ ನಕ್ಷೆಯನ್ನು ಜನರೇ ನೆಲದ ಮೇಲೆ ರಂಗೋಲಿ ಹಿಟ್ಟಿನಲ್ಲಿ ಬರೆಯಬೇಕು. ಊರಿಗೆ ಏನೇನು ಬೇಕೋ ಅದರ ಚಿತ್ರ ಬಿಡಿಸಿ, ಯಾವುದು ಹೆಚ್ಚು ಬೇಕೋ ಅದರ ಮೇಲೆ ಹೆಚ್ಚು ಜೋಳ ಇಡಬೇಕು. ಕೊನೆಗೆ ಕಾಳು ಎಣಿಸಿದರೆ ಜನರ ಮನಸ್ಸು ಸಿಕ್ಕಿಬಿಡುತ್ತದೆ!

ಗುಡಿಯ ಮುಂದೆ ಎಲ್ಲ ಸೇರಿದರು. ಹೆಂಗಸರಿಗೆಲ್ಲ ಒಂದೊಂದು ಹಿಡಿ ಜೋಳ ಕೊಟ್ಟೆವು. ಅವ್ವ ಬೋರಿಂಗಿನ ಚಿತ್ರದ ಮೇಲೆ ಮುಷ್ಟಿ ಬಿಚ್ಚಿದಳು. ಹಿಂದೆಯೇ ಓಣಿಯ ಹೆಂಗಸರೆಲ್ಲ ಸುರಿದರು. ಸಣ್ಣ ರಾಶಿಯೇ ಆಯಿತು. ಆಚೆ ಟಿ.ವಿ.ಯ ಚಿತ್ರದ ಪಕ್ಕದಲ್ಲಿ ಪಂಚಾಯ್ತಿ ಚೇರ್ಮನ್ನರು ಕುರ್ಚಿ ಹಾಕಿಕೊಂಡು ಕೂತಿದ್ದರು. ಆ ಚಿತ್ರದ ಮೇಲೆ ಅವರ ಕಡೆಯವರು ಇಟ್ಟ ನಾಲ್ಕಾರು ಕಾಳು.

"ಈಗ ಟೀ ಕುಡಿದು ಎಣಿಸೋಣ" ಎಂದರು ಸಾಹೇಬರು. ಟೀ ಕುಡಿದು ಬರುವಷ್ಟರಲ್ಲಿ ಒಂದು ಕೋಳಿ ಬೋರಿಂಗಿನ ರಾಶಿಯನ್ನು ಒಂದು ಕಾಳೂ ಬಿಡದೆ ಮುಗಿಸಿತ್ತು. ಟಿ.ವಿ.ಯ ಹತ್ತಿರ ಹೋಗಿರಲಿಲ್ಲ. ಚೇರ್ಮನ್ನರೆಂದರೆ ಕೋಳಿಗೂ ಭಯ.

"ಸಾರ್, ಮತ್ತೊಮ್ಮೆ ಇಡಿಸೋಣ" ಎಂದೆ.

"ಛೆ, ನಾವು ಫಲಿತಾಂಶದಲ್ಲಿ ಕೈ ಹಾಕಬಾರದು. ನೆಲದ ಮೇಲೆ ಏನಿದೆಯೋ ಅದೇ ಜನಾಭಿಪ್ರಾಯ."

ಊರಿಗೆ ಟಿ.ವಿ. ಮಂಜೂರಾಯಿತು. ಹೊರಡುವ ಮುಂಚೆ ಸಾಹೇಬರು ಸಿಟ್ಟು ತಡೆದುಕೊಂಡು, "ಯಾರದ್ರೀ ಆ ಕೋಳಿ?" ಎಂದು ಕೇಳಿದರು.

"ನಂದ ರೀ," ಅಂದಳು ಅವ್ವ. "ಸರ್ಕಾರದಿಂದ ನಮ್ಮನಿ ಹೊಟ್ಟಿಗೆ ಬಿದ್ದದ್ದು ಅಂದ್ರ ಇದ ಮೊದಲ್ನೇದು. ಹೋಗ್ಲಿ, ಅದಾದ್ರೂ ತಿನ್ಲಿ ಬಿಡ್ರಿ."

ನೀರು ಎಷ್ಟು ದೂರ?

ಇದು ಸಣ್ಣದು. ಸಿಂಧನೂರಿನ ಒಂದು ಕಲ್ಯಾಣ ಮಂಟಪದಲ್ಲಿ ನೀರಿನ ಬಗ್ಗೆ ಕಾರ್ಯಾಗಾರ. ಫಲಾನುಭವಿಗಳ ಪ್ರತಿನಿಧಿಯಾಗಿ ಒಬ್ಬರು ಬೇಕು ಅಂದರು. ನಾನು ಅವ್ವನನ್ನು ಕರೆತಂದೆ. ರಿಪೇರಿಗೆ ಸಹಿ ಹಾಕುವವರೆಲ್ಲ ವೇದಿಕೆಯ ಮೇಲೇ ಕೂತಿರುತ್ತಾರೆ, ಬಾಯಿಬಿಟ್ಟು ಕೇಳಿಬಿಡಲಿ ಎಂಬ ಆಸೆ ನನಗೆ. ವೇದಿಕೆಯ ಮೇಲೆ ಬಿಳಿ ಬಟ್ಟೆ ಹಾಸಿದ ಮೇಜು, ಒಬ್ಬೊಬ್ಬರ ಮುಂದೆಯೂ ಮುಚ್ಚಳ ಹಾಕಿದ ಗ್ಲಾಸಿನಲ್ಲಿ ನೀರು. ಬೆಳಗಿನಿಂದ ಭಾಷಣ. ಅವ್ವನ ಸರದಿ ಬಂದಾಗ ಊಟದ ವಾಸನೆ ಬರತೊಡಗಿತ್ತು.

ಒಬ್ಬ ದೊಡ್ಡ ಅಧಿಕಾರಿ ಅವಸರದಲ್ಲೇ ಕೇಳಿದರು. "ಹೇಳಮ್ಮಾ, ಕುಡಿಯೋ ನೀರು ನಿಮಗೆ ಎಷ್ಟು ದೂರ?"

ಅವ್ವ ಆತನ ಮುಂದಿನ ಗ್ಲಾಸಿನ ಕಡೆ ಕೈ ಮಾಡಿದಳು. "ಇವತ್ತ ಭಾಳ ಸಮೀಪ ಐತ್ರೀ. ಆದ್ರ ನಿಮ್ಮ ಕೈಯಾಗ ಐತಿ."

ಚಪ್ಪಾಳೆ ಅಂದರೆ ಅಂಥಿಂಥ ಚಪ್ಪಾಳೆಯಲ್ಲ. ಎಲ್ಲ ಎದ್ದು ಊಟಕ್ಕೆ ಹೋದರು. ಅಧಿಕಾರಿಯೂ ಆ ಗ್ಲಾಸಿನ ನೀರನ್ನು ಗಟಗಟ ಕುಡಿದೇ ಹೋದರು.

ನಡುವೆ ಯಾರೂ ಬೇಡ

ಆಮೇಲೆ ದೆಹಲಿಯಿಂದ ಒಬ್ಬ ತಜ್ಞರು ಬಂದರು. ಅವರದೊಂದು ತತ್ವ: ಜನರ ದನಿಯನ್ನು ನೇರವಾಗಿ ಕೇಳಬೇಕು, ನಡುವೆ ಮಧ್ಯವರ್ತಿಗಳು ಇರಲೇಬಾರದು. ಕನ್ನಡ ಬಾರದಲ್ಲ ಸಾರ್ ಅಂದರೆ, "ಮುಖ ನೋಡಿದರೆ ಸಾಕು, ತಿಳಿಯುತ್ತದೆ" ಎಂದು ಇಂಗ್ಲಿಷಿನಲ್ಲಿ ಹೇಳಿದರು. ನನ್ನನ್ನು ದೂರದ ಬೇವಿನ ಮರದ ಕೆಳಗೆ ನಿಲ್ಲಿಸಿದರು. ಅವರ ಜೊತೆ ನಮ್ಮ ಸಾಹೇಬರೊಬ್ಬರೇ, ಅವರೂ ಬಾಯಿ ಬಿಡಬಾರದೆಂಬ ಷರತ್ತಿನ ಮೇಲೆ.

ದೆಹಲಿಯವರು ಕೈ ಮುಗಿದು ನಕ್ಕು ಜನರೆದುರು ಕೂತರು. ಅವ್ವ ಎದ್ದು ನಿಂತು ಎದೆ ತಟ್ಟಿಕೊಂಡು, "ಸಾಹೇಬ್ರ, ಬೋರಿಂಗ್!" ಎಂದಳು. ಹಿಂದಿನ ಹೆಂಗಸರೆಲ್ಲ ಕೈ ಎತ್ತಿ, "ಹೌದ್ರೀ, ಬೋರಿಂಗ್! ಬೋರಿಂಗ್!" ಎಂದು ಕೂಗಿದರು. ಒಬ್ಬಳಂತೂ ಎದ್ದು ಬಂದು ಅವರ ತೋಳು ಹಿಡಿದು, "ಎಷ್ಟ್ ವರ್ಷಾತ್ರೀ, ಬೋರಿಂಗ್!" ಎಂದಳು.

ಆತನ ಮುಖ ಕೆಂಪಾಯಿತು. "ಸಾರಿ, ಸಾರಿ" ಎನ್ನುತ್ತ ಏನೋ ಗೀಚಿಕೊಂಡರು. ನಮ್ಮ ಸಾಹೇಬರಿಗೂ ನಮ್ಮ ಸೀಮೆಯ ಈ ಮಾತು ಇಷ್ಟು ದಿನ ಕಿವಿಗೆ ಬಿದ್ದರೂ ತಲೆಗೆ ಹೋಗಿರಲಿಲ್ಲವೋ ಏನೋ. ಅವರು ಹೆಮ್ಮೆಯಿಂದ, "ಎಲ್ಲ ಸಾಕ್ಷರತಾ ಆಂದೋಲನದ ಫಲ ಸಾರ್, ಇಂಗ್ಲಿಷೂ ಬರುತ್ತೆ" ಎಂದರು.

ನಾನು ಮರದ ಕೆಳಗಿಂದ ಓಡಿಬಂದು, "ಸಾರ್, ಸಭೆ ಬೇಜಾರು ಅಂತಲ್ಲ, ಕೈಪಂಪಿಗೆ ಇಲ್ಲಿ ಹಾಗೇ ಅಂತಾರೆ" ಎಂದೆ. ದೆಹಲಿಯವರು ನನ್ನನ್ನು ಕರುಣೆಯಿಂದ ನೋಡಿದರು. "ಜನ ಇಷ್ಟು ಸ್ಪಷ್ಟವಾಗಿ ಹೇಳಿದ್ದನ್ನು ನೀವು ತಿರುಚಬೇಡಿ. ಇದಕ್ಕೇ ನಾನು ಮಧ್ಯವರ್ತಿ ಬೇಡ ಅನ್ನೋದು."

ವರದಿ ಬಂತು. ಸಭೆಗಳು ಬೇಸರ ತರುತ್ತವೆ ಎಂದು ಗ್ರಾಮೀಣ ಮಹಿಳೆಯರು ಒಕ್ಕೊರಲಿನಿಂದ ಹೇಳಿದ್ದಾರಂತೆ, ಕೂಡಲೇ ಆಟ-ಪಾಟ ಸೇರಿಸಬೇಕಂತೆ. ಮುಂದಿನ ಸಲ ಜೀಪಿನ ಹಿಂದೆ ಒಂದು ವ್ಯಾನು ಬಂತು. ಒಳಗೆ ಹಾರ್ಮೋನಿಯಂ, ತಬಲಾ, ಗಾನ ತಂಡ. ನೀರನ್ನು ಮಿತವಾಗಿ ಬಳಸಿ ಎಂದು ಹಾಡಿದರು. ಓಣಿಯವರು ಬಾಯಿ ತೆರೆದು ಕೇಳಿದರು. ಆಮೇಲೆ ಕುರ್ಚಿ ಆಟ. ಕುರ್ಚಿಗಾಗಿ ಚೇರ್ಮನ್ನರ ಹೆಂಡತಿಯನ್ನೇ ತಳ್ಳಿ ಅವ್ವ ಗೆದ್ದಳು. ಬಹುಮಾನ, ಹಸಿರು ಬಣ್ಣದ ಪ್ಲಾಸ್ಟಿಕ್ ಕೊಡ.

ಅವ್ವ ಅದನ್ನು ತಲೆಕೆಳಗು ಮಾಡಿ ನೋಡಿದಳು, ತಟ್ಟಿ ನೋಡಿದಳು. "ಗಟ್ಟಿ ಐತಿ. ಇನ್ನ ಇದರ ಒಳಗಿನದು ಯಾವಾಗ ಕೊಡ್ತೀರಿ?"

ಮನೆ ನೋಡಲು ಬಂದವರು

ಕಡೆಗೂ ಬೋರಿಂಗಿಗೆ ಮುಹೂರ್ತ ಕೂಡಿಬಂತು. ಯೋಜನೆಗೆ ಹಣ ಕೊಟ್ಟ ದೊಡ್ಡವರು ಸೋಮವಾರ ಖುದ್ದಾಗಿ ನೋಡಲು ಬರುತ್ತಾರೆ, ಫೋಟೋ ತೆಗೆಯುತ್ತಾರೆ ಎಂದು ಸುದ್ದಿ. ಲಿಂಗಸುಗೂರಿನಿಂದ ಲಾರಿಯಲ್ಲಿ ಹೊಸ ಪೈಪು, ಹೊಸ ಹಿಡಿಕೆ ಬಂದವು. ಕೂಡಿಸಿ ಒತ್ತಿದರೆ ನೀರು ಬುಳುಬುಳು. ಓಣಿಯ ಹುಡುಗರು ಮೈಮೇಲೆ ಸುರಿದುಕೊಂಡು ಕುಣಿದರು.

ಅವ್ವ ಕುಣಿಯಲಿಲ್ಲ. ನೇರವಾಗಿ ಬಸ್ಸಿನ ಕಂಡಕ್ಟರನ ಹತ್ತಿರ ಹೋಗಿ ಬಳಗಾನೂರಿಗೆ ಹೇಳಿ ಕಳಿಸಿದಳು. ಅಲ್ಲೊಂದು ಹೆಣ್ಣಿತ್ತು. ಕಾಲುವೆ ದಂಡೆಯ ಊರು, ನೀರಿನಲ್ಲೇ ಬೆಳೆದ ಹುಡುಗಿ, ಅಪ್ಪ ನೀರಿನ ಮಾತು ಕೇಳದೆ ಮಗಳನ್ನು ಕೊಡುವವನಲ್ಲ. "ಮನಿ ನೋಡಾಕ ಇದ ಸೋಮವಾರ ಬರ್ರಿ, ಬ್ಯಾರೆ ದಿನ ನಮಗ ಆಗಂಗಿಲ್ಲ" ಎಂದು ಹೇಳಿಸಿದ್ದಳು.

ಸೋಮವಾರ ದೊಡ್ಡವರೂ ಬಂದರು, ಬಳಗಾನೂರಿನವರೂ ಬಂದರು. ಬೋರಿಂಗಿಗೆ ಚೆಂಡುಹೂವಿನ ಹಾರ, ಮುಂದೆ ಹಲಿಗೆಯ ಬಡಿತ, ಸುತ್ತ ಜೀಪುಗಳು. ನಮ್ಮ ಸಾಹೇಬರು ಫೋಟೋಕ್ಕಾಗಿ ತೋಳು ಮಡಚಿ ತಾವೇ ಬೋರಿಂಗ್ ಒತ್ತುತ್ತಿದ್ದರು. ಅವ್ವ ನುಗ್ಗಿಹೋಗಿ ಆ ನೀರಿಗೆ ತಂಬಿಗೆ ಹಿಡಿದು, ತುಂಬಿಸಿ, ಬೀಗನಾಗುವವನ ಕೈಗಿತ್ತಳು.

ಆತ ಕುಡಿದು ಮೀಸೆ ಒರೆಸಿಕೊಂಡ. "ಛಲೋ ಐತಿ. ಇವರೆಲ್ಲಾ ಯಾರ್ರೀ ಬೀಗ್ತೇರ?"

"ನಮ್ಮ ಬೋರಿಂಗ್ ನೋಡಾಕ ಬಂದಾರ್ರೀ. ಹೀಂಗ ಆಗಾಗ ಬರ್ತಿರ್ತಾರ," ಅಂದಳು ಅವ್ವ. ಅದರಲ್ಲಿ ಒಂದಕ್ಷರ ಸುಳ್ಳಿಲ್ಲ.

"ಇಷ್ಟ್ ದೊಡ್ಡ ಮಂದಿ ನೋಡಾಕ ಬರ್ತಾರಂದ್ರ ಇನ್ನ ನಾ ಏನ್ ನೋಡಬೇಕು?" ಎಂದು ಆತ ಸಂಬಂಧ ಒಪ್ಪಿ ಅಲ್ಲೇ ಬಾಯಿಗೆ ಸಕ್ಕರೆ ಹಾಕಿಸಿಕೊಂಡ.

ಸಂಜೆ ಹಾರ ಬಾಡುವ ಮೊದಲೇ ರಿಪೇರಿಯವರು ಪೈಪು, ಹಿಡಿಕೆ ಎಲ್ಲ ಬಿಚ್ಚಿ ಲಾರಿಗೆ ಏರಿಸತೊಡಗಿದರು. "ಎಲ್ಲಿಗಪಾ?" ಎಂದು ನಾನು ಕಿರಿಚಿದೆ. ಒಬ್ಬ ಕೈ ಒರೆಸಿಕೊಳ್ಳುತ್ತ ಅಂದ, "ನಾಳೆ ದೊಡ್ಡವರು ಇನ್ನೊಂದ್ ಊರ್ ನೋಡ್ತಾರಲ್ರೀ ಸರ. ಅವರಕಿಂತ ಮೊದಲ ನಾವು ಮುಟ್ಟಬೇಕು."

ಕೊನೆಯ ಪ್ರಶ್ನೆ

ಮದುವೆಯಂತೂ ಆಯಿತು. ಮರುವರ್ಷ ಬೇಸಿಗೆಯಲ್ಲಿ ಯೋಜನೆಯ ಅಂತಿಮ ಮೌಲ್ಯಮಾಪನಕ್ಕೆ ಹೋದೆವು. ಅವ್ವ ಕಟ್ಟೆಯ ಮೇಲೆ ಕಾಲು ಚಾಚಿ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಳು. ನಮ್ಮ ಜೀಪು ಕಂಡೂ ಏಳಲಿಲ್ಲ. ನನಗೆ ಆಶ್ಚರ್ಯ.

ಅಷ್ಟರಲ್ಲಿ ಹಳ್ಳದ ಕಡೆಯಿಂದ ಆ ಬಳಗಾನೂರಿನ ಸೊಸೆ ಬಂದಳು. ತಲೆಯ ಮೇಲೊಂದು ಕೊಡ, ಸೊಂಟದಲ್ಲಿ ಇನ್ನೊಂದು. ಕಾಲುಗಳಿಗೆ ಮೊಣಕಾಲತನಕ ಉಸುಕು. ಸಾಹೇಬರನ್ನು ದಿಟ್ಟಿಸಿ ನೋಡಿ ನಿಂತಳು.

"ನಮ್ಮಪ್ಪ ಮನಿ ನೋಡಾಕ ಬಂದಾಗ ಬೋರಿಂಗ್ ಒತ್ತಿದವರು ನೀವ ಅಲ್ರೀ?"

"ಹೌದಮ್ಮಾ, ನಾನೇ," ಸಾಹೇಬರು ಹಿಗ್ಗಿದರು.

"ನಮ್ಮಪ್ಪ ನಿಮ್ಮನ್ನ ಭಾಳ ಹುಡುಕ್ಯಾಡಾಕತ್ತಾನ. ಒಮ್ಮಿ ಬಳಗಾನೂರಿಗೆ ಬಂದು ಹೋಗ್ರಿ," ಅಂದು ಒಳಗೆ ಹೋದಳು.

ಸಾಹೇಬರಿಗೆ ಅದು ಆಮಂತ್ರಣದಂತೆ ಕೇಳಲಿಲ್ಲ. ಗಂಟಲು ಸರಿಮಾಡಿಕೊಂಡು ಬೇಗ ಬೇಗ ಅವ್ವನತ್ತ ತಿರುಗಿದರು. "ನೀವು ಹೇಳಿ ಅಮ್ಮಾ. ಈ ಯೋಜನೆಯಿಂದ ನಿಮಗೆ ಏನಾದ್ರೂ ಅನುಕೂಲ ಆಯ್ತಾ?"

"ಆತಲ್ರೀ!" ಅವ್ವ ಸುಣ್ಣ ಹಚ್ಚಿದ ಎಲೆ ಮಡಚಿ ಬಾಯಿಗಿಟ್ಟಳು. "ಮೊದಲ ಹಳ್ಳಕ್ಕ ನೀರಿಗೆ ನಾ ಹೋಗ್ತಿದ್ದೆ. ಈಗ ಸೊಸಿ ಹೋಗ್ತಾಳ."

ಸಾಹೇಬರ ಮುಖ ಅರಳಿತು. "ಬರ್ಕೊಳ್ರಿ, ಬರ್ಕೊಳ್ರಿ! ನೀರು ಹೊರುವ ಕೆಲಸದಿಂದ ಹಿರಿಯ ಮಹಿಳೆಯರಿಗೆ ಸಂಪೂರ್ಣ ಬಿಡುಗಡೆ ಸಿಕ್ಕಿದೆ."