ತಾರಸಿಯ ಆಂಟೆನಾ ತಿರುಗಿಸುವ ಬಗ್ಗೆ

ಮನೆ ಟಿವಿ ವಿಭಾಗ
ಕೆಳಮನೆ ಕಚೇರಿ, ಹಾಲ್, ಕಿಟಕಿಯ ಪಕ್ಕ

ಸಂಖ್ಯೆ: ಮ.ಟಿ.ವಿ./ಆಂ.ತಿ./7/ಹಳೇ ಕ್ಯಾಲೆಂಡರಿನ ಹಿಂಬದಿ
ದಿನ: ಭಾನುವಾರ, ಫೈನಲ್ ಪಂದ್ಯಕ್ಕೆ ಐದು ಗಂಟೆ ಮುಂಚೆ

ಸುತ್ತೋಲೆ

ವಿಷಯ: ಕೇಬಲ್ ಸಂಪರ್ಕ ರದ್ದುಪಡಿಸಿ ಆಂಟೆನಾ ಅಳವಡಿಸಿದ ತರುವಾಯ, ಸದರಿ ಆಂಟೆನಾವನ್ನು ತಿರುಗಿಸುವ, ತಿರುಗಿಸುವಾಗ ಕೂಗುವ ಹಾಗೂ ಕೂಗಿದ್ದಕ್ಕೆ ಉತ್ತರಿಸುವ ವಿಧಾನಗಳ ಬಗ್ಗೆ.

ಉಲ್ಲೇಖ:
(1) ಕೇಬಲ್ ತಂತಿ ಮೂರನೇ ಬಾರಿ ಲಾರಿಯೊಂದಿಗೆ ಹೊರಟುಹೋದ ಘಟನೆ.
(2) ಮನೆಯಾಕೆಯವರ ಮೌಖಿಕ ಟಿಪ್ಪಣಿ, ಅಡುಗೆಮನೆಯಿಂದ, ಏರುದನಿಯಲ್ಲಿ.
(3) ಆಂಟೆನಾ ರಿಪೇರಿಯವನ ತಪಾಸಣಾ ವರದಿ, ಇಂದು ಬೆಳಿಗ್ಗೆ, ಇದೂ ಮೌಖಿಕ.

ಪ್ರಸ್ತಾವನೆ:

ಕೆಳಮನೆಯ ಕೇಬಲ್ ತಂತಿಯು ರಸ್ತೆಗೆ ಅಡ್ಡಲಾಗಿ ಜೋತಾಡುತ್ತಿದ್ದು, ಎತ್ತರದ ಹೊರೆ ಹೊತ್ತ ಲಾರಿ ಬಂದಾಗಲೆಲ್ಲ ಅದರ ಜೊತೆಗೇ ಹೊರಟುಬಿಡುತ್ತಿತ್ತು. ಮೂರನೇ ಸಲ ಹೋದದ್ದು ಎರಡು ತಿರುವಿನಾಚೆ, ಲಾರಿಯಲ್ಲಿದ್ದ ಮಂಚವೊಂದರ ಕಾಲಿಗೆ ಸುತ್ತಿಕೊಂಡ ಸ್ಥಿತಿಯಲ್ಲಿ ಪತ್ತೆಯಾಯಿತು. "ನಾಳೆ ಬಂದು ಎಳೀತೀನಿ ಸಾರ್" ಎಂದ ಕೇಬಲ್‌ನವನಿಗೆ ಹನ್ನೆರಡು ನಾಳೆಗಳ ಕಾಲಾವಕಾಶ ನೀಡಲಾಯಿತು. ಹದಿಮೂರನೆಯ ದಿನ, ಕೆಳಗೆ ಸಹಿ ಮಾಡಿರುವವರ (ಇನ್ನು ಮುಂದೆ 'ಕೆಳಸಹಿದಾರರು') ತಾಳ್ಮೆ ತಪ್ಪಿ, ಇನ್ನೂರು ಚಾನೆಲ್‌ಗಳ ಸಹವಾಸವೇ ಸಾಕೆಂದು, ತಾರಸಿಯ ಮೇಲೆ ಆಂಟೆನಾ ನಿಲ್ಲಿಸಲು ಆದೇಶಿಸಲಾಯಿತು.

ಇಲ್ಲೊಂದು ಆಡಳಿತಾತ್ಮಕ ತೊಡಕಿತ್ತು. ತಾರಸಿಗೆ ಹೋಗುವ ಮೆಟ್ಟಿಲು ಮಹಡಿ ಮನೆಯ ವರಾಂಡದ ಮೂಲಕ ಹಾಯುತ್ತದೆ. ಮಹಡಿ ಮನೆಯಲ್ಲಿ ಕೆಳಸಹಿದಾರರ ಅಣ್ಣನವರು ಮತ್ತು ಅತ್ತಿಗೆಯವರು ವಾಸವಾಗಿದ್ದಾರೆ. ಅಣ್ಣನವರಿಗೂ ಕೆಳಸಹಿದಾರರಿಗೂ ನಾಲ್ಕು ವರ್ಷದಿಂದ ಮಾತಿಲ್ಲ.

ಕಾರಣವನ್ನು ಕಡತದ ಪೂರ್ಣತೆಗಾಗಿ ನಮೂದಿಸಲಾಗಿದೆ. ಆಗ ಇಡೀ ಮನೆಗೆ ಒಂದೇ ಟಿವಿ ಇದ್ದು, ಅದು ಕೆಳಮನೆಯ ಹಾಲ್‌ನಲ್ಲಿತ್ತು. ಅಣ್ಣನವರು ಕಿಟಕಿ ಬದಿಯ ಬೆತ್ತದ ಕುರ್ಚಿಯಲ್ಲಿ ಕೂತು ಕ್ರಿಕೆಟ್ ಫೈನಲ್ ನೋಡುತ್ತಿದ್ದರು. ಕೊನೆಯ ಓವರಿನ ಮೂರು ಎಸೆತ ಬಾಕಿ ಇರುವಾಗ, ರಿಮೋಟ್ ಹಿಡಿದಿದ್ದ ಕೆಳಸಹಿದಾರರು ನಾಳೆಯ ಹವಾಮಾನವನ್ನೊಮ್ಮೆ ಕೇಳಿಬಿಡೋಣವೆಂದು ಚಾನೆಲ್ ಬದಲಾಯಿಸಿದರು. ಒಣಹವೆ ಮುಂದುವರಿಯುವುದೆಂದು ತಿಳಿದುಬಂತು. ಕ್ರಿಕೆಟ್‌ಗೆ ಮರಳುವಷ್ಟರಲ್ಲಿ ಮೈದಾನದಲ್ಲಿ ಪಟಾಕಿ ಹಾರುತ್ತಿತ್ತು. ಅಣ್ಣನವರು ಎದ್ದು, "ಇನ್ಮೇಲೆ ನಿನ್ನ ಟಿವಿ ನಿನಗೆ, ನನ್ನ ಟಿವಿ ನನಗೆ" ಎಂದರು. "ಹಾಗೇ ಆಗ್ಲಿ ಬಿಡು" ಎಂದು ಉತ್ತರಿಸಲಾಯಿತು. ವಾರದೊಳಗೆ ಮಹಡಿಗೆ ಬೇರೆ ಟಿವಿ, ಬೇರೆ ಕೇಬಲ್ ಬಂತು. ಬೆತ್ತದ ಕುರ್ಚಿಯ ಮೇಲೆ ಹಳೇ ಪೇಪರ್ ಪೇರಿಸಲಾಯಿತು.

ಆದ್ದರಿಂದ ಆಂಟೆನಾಗೆ ಜಾಗ ಕೋರುವ ಮನವಿಯನ್ನು ಮನೆಯಾಕೆಯವರ ಮೂಲಕ ಅತ್ತಿಗೆಯವರಿಗೆ, ಅತ್ತಿಗೆಯವರ ಮೂಲಕ ಅಣ್ಣನವರಿಗೆ ಮಂಡಿಸಲಾಯಿತು. ಅದೇ ದಾರಿಯಲ್ಲಿ ಉತ್ತರ ಇಳಿದುಬಂತು: "ಹಾಕ್ಕೊಳ್ಲಿ. ತಾರಸಿ ನಮ್ಮಪ್ಪಂದು, ನನ್ನೊಬ್ಬಂದೇನಲ್ಲ."

ಆಂಟೆನಾ ನಿಂತ ಮೂರನೇ ಸಂಜೆ ಚಿತ್ರವು ಚೌಕ ಚೌಕವಾಗಿ ಒಡೆದು, ವಾರ್ತೆ ಓದುವಾಕೆಯ ಗಲ್ಲ ಕಿವಿಯ ಪಕ್ಕಕ್ಕೆ ವರ್ಗಾವಣೆಗೊಂಡು, ಸದ್ದು ನಿಂತುಹೋಯಿತು. ಕೆಳಸಹಿದಾರರು ಮೊಣಕಾಲು ನೋವಿನ ದೆಸೆಯಿಂದ ಮೆಟ್ಟಿಲು ಹತ್ತುವಂತಿಲ್ಲ. ಏನು ಮಾಡುವುದೆಂದು ಕಿಟಕಿಯ ಬಳಿ ನಿಂತಿರುವಾಗ ತಾರಸಿಯ ಮೇಲಿಂದ ಒಂದು ದನಿ, "ಬಂತಾ?" ಎಂದು ಕೇಳಿತು. ಯಾರನ್ನು ಕೇಳಲಾಗಿದೆ ಎಂಬುದು ಪ್ರಶ್ನೆಯಲ್ಲಿ ನಮೂದಾಗಿರಲಿಲ್ಲ. ಕೆಳಸಹಿದಾರರು ಸಾಕಷ್ಟು ಪರ್ಯಾಲೋಚಿಸಿ, ಗಂಟಲು ಸರಿಮಾಡಿಕೊಂಡು, "ಇಲ್ಲ" ಎಂದರು. ನಾಲ್ಕು ವರ್ಷದಲ್ಲಿ ಅಣ್ಣನಿಗೆ ಆಡಿದ ಮೊದಲ ಮಾತು ಅದು. ಆಮೇಲೆ "ಈಗ?" ಎಂಬುದಕ್ಕೆ "ಸ್ವಲ್ಪ ಬಂತು", ಮತ್ತೆ "ಈಗ?" ಎಂಬುದಕ್ಕೆ "ಹೋಯ್ತು" ಎಂದು ಮಾತುಕತೆ ಮುಂದುವರಿದು, ಕಾಲು ಗಂಟೆಯ ನಂತರ ಮುಕ್ತಾಯವಾಯಿತು.

ಅಲ್ಲಿಂದೀಚೆಗೆ ಆಂಟೆನಾ ದಿನ ಬಿಟ್ಟು ದಿನ ದಿಕ್ಕು ತಪ್ಪುತ್ತಿದೆ. ಕಳೆದ ವಾರದಿಂದ ದಿನಾ ತಪ್ಪುತ್ತಿದೆ. ಕೂಗಾಟವು ಬೀದಿಗೆಲ್ಲ ಕೇಳುವಂತಾಗಿರುವುದರಿಂದ ಅದನ್ನು ಶಿಸ್ತಿಗೆ ಒಳಪಡಿಸುವುದು ಅಗತ್ಯವೆಂದು ಮನಗಂಡು, ಈ ಕೆಳಕಂಡಂತೆ ಸೂಚಿಸಲಾಗಿದೆ.

1. ತಾರಸಿಯಿಂದ ಕೇಳಬಹುದಾದ ಪ್ರಶ್ನೆಗಳು ಎರಡು ಮಾತ್ರ: "ಬಂತಾ?" ಮತ್ತು "ಈಗ?". ಹಾಲ್‌ನಿಂದ ನೀಡಬಹುದಾದ ಉತ್ತರಗಳು ನಾಲ್ಕು: "ಬಂತು", "ಹೋಯ್ತು", "ಸ್ವಲ್ಪ ಬಂತು", "ಅಲ್ಲೇ ಇರ್ಲಿ". "ಅಯ್ಯೋ" ಎಂಬುದನ್ನು ಉತ್ತರವೆಂದು ಪರಿಗಣಿಸತಕ್ಕದ್ದಲ್ಲ. ಅದರಿಂದ ಯಾವ ಕಡೆ ತಿರುಗಿಸಬೇಕೆಂದು ತಿಳಿಯುವುದಿಲ್ಲ.

2. ಎದುರುಮನೆಯ ಟೈಲರ್, ಕೂಗಾಟ ಬೇಗ ಮುಗಿಯಲೆಂದು, ತಮ್ಮ ಹೊಲಿಗೆ ಮೆಷಿನ್ ನಿಲ್ಲಿಸಿ ಎರಡು ಬಾರಿ "ಬಂತು, ಬಂತು" ಎಂದು ಕೂಗಿರುವುದು ಗಮನಕ್ಕೆ ಬಂದಿದೆ. ಸದರಿಯವರ ಮನೆಯಿಂದ ನಮ್ಮ ಟಿವಿಯ ಬೆನ್ನು ಮಾತ್ರ ಕಾಣುತ್ತದೆ. ಸಂಬಂಧಪಡದವರು ನೀಡುವ ಉತ್ತರಗಳನ್ನು ಅಸಿಂಧುವೆಂದು ಘೋಷಿಸಲಾಗಿದೆ.

3. ಆಂಟೆನಾದ ಮೇಲೆ ಏಕಕಾಲಕ್ಕೆ ಒಂದು ಕಾಗೆ ಕೂರಬಹುದು. ಎರಡನೆಯದು ಮೊದಲನೆಯದು ಎದ್ದ ಮೇಲೆ ಕೂರತಕ್ಕದ್ದು. ಪಾರಿವಾಳಗಳ ಬಗ್ಗೆ ಪ್ರತ್ಯೇಕ ಆದೇಶ ಹೊರಡಿಸಲಾಗುವುದು. ಅವು ಗುಂಪಾಗಿ ಬರುವುದರಿಂದ ತಲೆ ಎಣಿಕೆ ಕಷ್ಟವಾಗಿದೆ.

4. ಹಾಲ್ ಮತ್ತು ಅಡುಗೆಮನೆಯ ನಡುವಿನ ಬಾಗಿಲಲ್ಲಿ ಮನೆಯಾಕೆಯವರು ಸೌಟು ಹಿಡಿದು ನಿಂತಾಗ ಚಿತ್ರ ಕನ್ನಡಿಯಂತೆ ಬರುವುದು ಸತತ ಮೂರು ಪರೀಕ್ಷೆಗಳಲ್ಲಿ ದೃಢಪಟ್ಟಿದೆ. ಈ ಹಿನ್ನೆಲೆಯಲ್ಲಿ ಅವರನ್ನು ಸಂಜೆ ಆರರಿಂದ ಎಂಟರವರೆಗೆ ಸದರಿ ಜಾಗಕ್ಕೆ ನಿಯೋಜಿಸಲು ಉದ್ದೇಶಿಸಲಾಗಿತ್ತು. "ನಾನೇನು ಕಂಬಾನಾ ನಿಂತ್ಕೊಳ್ಳೋಕೆ? ಬೇಕಾದ್ರೆ ಸೌಟು ಕೊಡ್ತೀನಿ, ನೀವೇ ನಿಂತ್ಕೊಳ್ಳಿ" ಎಂಬ ಅವರ ಲಿಖಿತವಲ್ಲದ ಮನವಿಯನ್ನು ಪುರಸ್ಕರಿಸಿ ನಿಯೋಜನೆಯನ್ನು ಹಿಂಪಡೆಯಲಾಗಿದೆ. ಕೆಳಸಹಿದಾರರು ಸೌಟು ಹಿಡಿದು ನಿಂತಾಗ ಚಿತ್ರದಲ್ಲಿ ಯಾವುದೇ ಸುಧಾರಣೆ ಕಂಡುಬಂದಿರುವುದಿಲ್ಲ.

5. ಒದ್ದೆ ಬೆಡ್‌ಶೀಟ್‌ಗಳನ್ನು ಆಂಟೆನಾದ ಮುಂದಿನ ಹಗ್ಗದಲ್ಲಿ ಒಣಹಾಕತಕ್ಕದ್ದಲ್ಲ. ಕರವಸ್ತ್ರಗಳಿಗೆ ವಿನಾಯಿತಿ ಇದೆ. ದಿಂಬಿನ ಕವರ್‌ಗಳ ವಿಚಾರ ಪರಿಶೀಲನೆಯಲ್ಲಿದೆ.

6. ಪ್ರಸ್ತುತ ನಾಲ್ಕು ಚಾನೆಲ್‌ಗಳು ಬರುತ್ತಿದ್ದು, ಒಂದರಲ್ಲಿ ದಿನವಿಡೀ ಮೀನು ಸಾಕುವ ಬಗ್ಗೆ ತಿಳಿವಳಿಕೆ ನೀಡಲಾಗುತ್ತಿದೆ. ಮನೆಯ ಎಲ್ಲರೂ ಇದನ್ನು ನೋಡಿ ಮೀನಿನ ಕಿವಿರು ರೋಗದ ಲಕ್ಷಣಗಳನ್ನು ಕಂಠಪಾಠ ಮಾಡಿರುತ್ತಾರೆ. ಈ ಮನೆಯಲ್ಲಿ ಮೀನಿಲ್ಲ ಎಂಬ ಆಕ್ಷೇಪಣೆಯನ್ನು ತಳ್ಳಿಹಾಕಲಾಗಿದೆ.

7. ಕೆಳಸಹಿದಾರರು ದೊಡ್ಡ ಕಚೇರಿಯೊಂದರ ರವಾನೆ ಶಾಖೆಯಲ್ಲಿ ಮೂವತ್ತೊಂದು ವರ್ಷ ಸೇವೆ ಸಲ್ಲಿಸಿ, ಒಂದೇ ಒಂದು ಲಕೋಟೆಯೂ ದಾರಿ ತಪ್ಪದಂತೆ ನೋಡಿಕೊಂಡವರು. ಈ ಸಂಬಂಧ ಉಲ್ಲೇಖ (2)ರಲ್ಲಿ ಮನೆಯಾಕೆಯವರು, "ಮೂವತ್ತು ವರ್ಷ ಊರಿನವರ ಕಾಗದ ಎಲ್ಲಾ ಕಳಿಸಿದ್ರಿ, ನಿಮ್ಮಣ್ಣಂಗೆ ಒಂದು ಮಾತು ಕಳಿಸೋಕಾಗಲ್ವಾ? ಬರೀ 'ಬಂತು, ಹೋಯ್ತು' ಅಂತ ಎಷ್ಟು ದಿನ ಕೂಗ್ತೀರಾ?" ಎಂದು ಕೇಳಿರುತ್ತಾರೆ. ಉತ್ತರ ಸಿದ್ಧಪಡಿಸಲು ಹೆಚ್ಚುವರಿ ಕಾಲಾವಕಾಶ ಕೋರಲಾಗಿದೆ. ಅವರು ಕಾಯದೆ, ನಟ್ಟು ಗಟ್ಟಿಯಾಗಿ ಬಿಗಿಸಿ ಈ ರಗಳೆ ಮುಗಿಸಲೆಂದು ಇಂದು ಬೆಳಿಗ್ಗೆ ತಾವೇ ರಿಪೇರಿಯವನನ್ನು ಕರೆಸಿದರು.

8. ರಿಪೇರಿಯವನು ಮೆಟ್ಟಿಲು ಹತ್ತಿಹೋದ ಇಪ್ಪತ್ತು ನಿಮಿಷ ಕೆಳಸಹಿದಾರರ ಪಾಲಿಗೆ ಕಷ್ಟದ್ದಾಗಿತ್ತು ಎಂಬುದನ್ನು ದಾಖಲಿಸಲಾಗಿದೆ. ನಟ್ಟು ಬಿಗಿಯಾದರೆ ಆಂಟೆನಾ ಅಲುಗುವುದಿಲ್ಲ. ಆಂಟೆನಾ ಅಲುಗದಿದ್ದರೆ ತಾರಸಿಗೆ ಯಾರೂ ಬರುವುದಿಲ್ಲ, "ಬಂತಾ?" ಎಂದು ಯಾರೂ ಕೇಳುವುದಿಲ್ಲ. ಆಮೇಲೆ ಟಿವಿ ಚೆನ್ನಾಗಿ ಬರುತ್ತದೆ, ಅಷ್ಟೇ.

9. ರಿಪೇರಿಯವನು ಇಳಿದುಬಂದು ಸಲ್ಲಿಸಿದ ವರದಿಯ ಯಥಾಪ್ರತಿ: "ಸಾರ್, ಇದು ಗಾಳಿಗೆ ತಿರುಗಿದ್ದಲ್ಲ. ನಾನು ಡಬಲ್ ನಟ್ಟು ಹಾಕಿ ಬಿಗಿಸಿದ್ದೆ. ಯಾರೋ ಹದಿನೇಳನೇ ನಂಬರಿನ ಸ್ಪ್ಯಾನರ್ ಹಾಕಿ, ನೀಟಾಗಿ, ಒಂದು ಗೀರೂ ಬೀಳದ ಹಾಗೆ ಎರಡನ್ನೂ ಬಿಚ್ಚಿದ್ದಾರೆ. ಗೊತ್ತಿರೋ ಕೈ ಸಾರ್."

10. ಮೇಲಿನ ವರದಿಯ ಮೇರೆಗೆ ತತ್‌ಕ್ಷಣ ವಿಚಾರಣೆ ನಡೆಸಲಾಯಿತು. ಕಂಡುಬಂದ ಅಂಶಗಳು: (ಅ) ಈ ಮನೆಯಲ್ಲಿ ಹದಿನೇಳರ ಸ್ಪ್ಯಾನರ್ ಇರುವುದು ಒಬ್ಬರ ಬಳಿ ಮಾತ್ರ. ಅಣ್ಣನವರು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. ಸಡಿಲ ನಟ್ಟು ಕಂಡರೆ ಅವರಿಗೆ ಊಟ ಸೇರುವುದಿಲ್ಲ. ಮದುವೆಮನೆಯಲ್ಲಿ ಕುರ್ಚಿ ಅಲ್ಲಾಡಿದರೆ ಪಂಕ್ತಿಯಿಂದ ಎದ್ದು ಅದನ್ನು ಬೋರಲು ಹಾಕಿ ಸರಿಮಾಡಿದವರು. ಅಂಥವರು ಇಪ್ಪತ್ತು ದಿನಗಳಿಂದ ಸಡಿಲ ಆಂಟೆನಾವನ್ನು ಕೈಯಲ್ಲಿ ತಿರುಗಿಸುತ್ತ ನಿಂತಿದ್ದಾರೆಯೇ ಹೊರತು ಬಿಗಿಸಿಲ್ಲ. (ಆ) ಮೊದಲ ಬಾರಿ ದಿಕ್ಕು ತಪ್ಪಿದ ಆ ಸಂಜೆ, ಹಗ್ಗದ ಮೇಲಿನ ಕರವಸ್ತ್ರವೂ ಅಲುಗಿರಲಿಲ್ಲವೆಂದು ಮನೆಯಾಕೆಯವರು ಈಗ ನೆನಪಿಸಿಕೊಂಡು ಹೇಳಿಕೆ ನೀಡಿದ್ದಾರೆ. (ಇ) ಅತ್ತಿಗೆಯವರನ್ನು ವಿಚಾರಿಸಲಾಗಿ, "ನಂಗೇನೂ ಗೊತ್ತಿಲ್ಲಪ್ಪ. ಸಂಜೆ ಆದ್ರೆ ಸಾಕು, ಸ್ಪ್ಯಾನರ್ ಜೇಬಿಗಿಳಿಸಿ ಮೇಲೆ ಹೋಗ್ತಾರೆ. ಬರುವಾಗ ಮುಖ ಅರಳಿರುತ್ತೆ" ಎಂದು ತಿಳಿಸಿ ಒಳಗೆ ಹೋಗಿರುತ್ತಾರೆ.

11. ಇಷ್ಟಾದ ಮೇಲೆ ಕೆಳಸಹಿದಾರರೂ ತಮ್ಮ ಕಡೆಯ ಒಂದು ಲೋಪವನ್ನು ಒಪ್ಪಿಕೊಳ್ಳುವುದು ನ್ಯಾಯಸಮ್ಮತವಾಗಿದೆ. ಬಹುತೇಕ ದಿನ ಚಿತ್ರವು ಮೊದಲ "ಬಂತಾ?"ಗೇ ಬಂದಿರುತ್ತದೆ. ಪೂರ್ತಿ ಬಂದಿರುತ್ತದೆ. ವಾರ್ತೆ ಓದುವಾಕೆಯ ಗಲ್ಲ ಗಲ್ಲದ ಜಾಗದಲ್ಲೇ ಇರುತ್ತದೆ. ಆದಾಗ್ಯೂ "ಇನ್ನೂ ಇಲ್ಲ, ಸ್ವಲ್ಪ ಬಲಕ್ಕೆ" ಎಂದು ಸುಳ್ಳು ಉತ್ತರ ನೀಡಲಾಗಿದೆ. ಮೊನ್ನೆ ಹೀಗೆ ಅಣ್ಣನವರನ್ನು ಸಂಜೆಬಿಸಿಲಲ್ಲಿ ಮುಕ್ಕಾಲು ಗಂಟೆ ನಿಲ್ಲಿಸಿದ್ದು ತಪ್ಪೆಂದು ಅನ್ನಿಸಿದೆ. ಮತ್ತೆ ಹಾಗೆ ಮಾಡುವಾಗ ಛತ್ರಿ ಕಳಿಸಲಾಗುವುದು.

12. ಎಲ್ಲ ಅಂಶಗಳನ್ನು ಕೂಲಂಕಷವಾಗಿ ಪರಿಶೀಲಿಸಿ ಆದೇಶಿಸಿರುವುದೇನೆಂದರೆ: ಆಂಟೆನಾ ದಿಕ್ಕು ತಪ್ಪಲು ಗಾಳಿಯೇ ಹೊಣೆ ಎಂದು ತೀರ್ಮಾನಿಸಿ ವಿಚಾರಣೆಯನ್ನು ಮುಕ್ತಾಯಗೊಳಿಸಲಾಗಿದೆ. ರಿಪೇರಿಯವನು ತಂದಿದ್ದ ಎರಡು ಹೊಸ ನಟ್ಟುಗಳನ್ನು ಕೆಳಸಹಿದಾರರ ಮೇಜಿನ ಡ್ರಾಯರ್‌ನಲ್ಲಿರಿಸಿ ಬೀಗ ಹಾಕಲಾಗಿದೆ. ಮುಂದಿನ ಆದೇಶದವರೆಗೆ ಯಾರೂ ಅವನ್ನು ಹುಡುಕತಕ್ಕದ್ದಲ್ಲ.

13. ಇಂದು ಸಂಜೆ ಫೈನಲ್ ಪಂದ್ಯವಿದ್ದು, ಅದು ನಮ್ಮ ನಾಲ್ಕರಲ್ಲಿ ಒಂದು ಚಾನೆಲ್‌ನಲ್ಲಿ ಬರುತ್ತದೆ. ಮಹಡಿಯಲ್ಲೂ ಬರುತ್ತದೆ, ಅದು ಬೇರೆ ವಿಷಯ. ಬೆತ್ತದ ಕುರ್ಚಿಯ ಮೇಲಿನ ಪೇಪರ್‌ಗಳನ್ನು ತೆರವುಗೊಳಿಸಿ, ಕುರ್ಚಿಯನ್ನು ಒದ್ದೆಬಟ್ಟೆಯಲ್ಲಿ ಒರೆಸಿ, ಕಿಟಕಿ ಬದಿಗೆ ಮರುಸ್ಥಾಪಿಸಲಾಗಿದೆ. ಅದರ ಹಿಂಗಾಲೊಂದು ಅಲ್ಲಾಡುತ್ತಿದೆ. ಬೇಕೆಂದೇ ಸರಿಪಡಿಸಿರುವುದಿಲ್ಲ.

14. ಹವಾಮಾನ ವರದಿಯನ್ನು ಈ ಮನೆಯಲ್ಲಿ ಶಾಶ್ವತವಾಗಿ ನಿಷೇಧಿಸಲಾಗಿದೆ. ನಾಳೆ ಹೇಗಿರುತ್ತದೆಂದು ನಾಳೆಯೇ ನೋಡಿಕೊಳ್ಳತಕ್ಕದ್ದು.

(ಸಹಿ)
ತಮ್ಮ
ಮನೆ ಟಿವಿ ವಿಭಾಗದ ಮುಖ್ಯಸ್ಥರು (ಪ್ರಭಾರ)

ಪ್ರತಿಗಳು:

1. ಮನೆಯಾಕೆಯವರಿಗೆ, ಅವಗಾಹನೆಗಾಗಿ. ಉಲ್ಲೇಖ (2)ಕ್ಕೆ ಇದನ್ನೇ ಉತ್ತರವೆಂದು ಭಾವಿಸುವುದು.
2. ಆಂಟೆನಾ ರಿಪೇರಿಯವನಿಗೆ, ತಾನು ಕಂಡದ್ದನ್ನು ಮರೆತುಬಿಡುವ ಕೋರಿಕೆಯೊಂದಿಗೆ.
3. ಎದುರುಮನೆಯ ಟೈಲರ್‌ಗೆ, ಕಿಟಕಿಯಿಂದ ಓದಿ ಹೇಳಲಾಗುವುದು. ಉತ್ತರಿಸುವ ಅಗತ್ಯವಿಲ್ಲ.
4. ಕಾಗೆಗಳ ಮಾಹಿತಿಗಾಗಿ, ಆಂಟೆನಾ ಕಂಬದ ಬುಡದಲ್ಲಿ ಅಂಟಿಸಲು.
5. ಅತ್ತಿಗೆಯವರಿಗೆ, ಸಂಜೆ ಇಬ್ಬರಿಗೂ ಕೆಳಗೇ ಕಾಫಿ ಎಂಬ ಸೂಚನೆಯೊಂದಿಗೆ.
6. ಮಹಡಿ ಮನೆಯ ಅಣ್ಣನವರಿಗೆ. ಈ ಪ್ರತಿಯನ್ನು ಯಾರ ಮೂಲಕವೂ ಕಳಿಸತಕ್ಕದ್ದಲ್ಲ. ಮೊಣಕಾಲಿನ ಆಕ್ಷೇಪಣೆಯನ್ನು ತಳ್ಳಿಹಾಕಿ, ಹದಿನೆಂಟು ಮೆಟ್ಟಿಲು ಹತ್ತಿ, ಕೆಳಸಹಿದಾರರೇ ಖುದ್ದಾಗಿ ತಲುಪಿಸುವರು.
ಲಗತ್ತು: ರಿಮೋಟ್ ಒಂದು, ಹೊಸ ಬ್ಯಾಟರಿ ಸಹಿತ.