ಫರ್ಸಿ ಮೇಲಿನ ಫಜ್ ಪೆಡಲ್

ಶಹಾಬಾದಿನಲ್ಲಿ ಮೂವತ್ತು ವರ್ಷಗಳಿಂದ ರೇಡಿಯೋ ರಿಪೇರಿ ಮಾಡುತ್ತಿರುವ ನನಗೆ ಒಂದು ಪೆಡಲ್ ಯಾವ ಲೆಕ್ಕ? ಎರಡು ಟ್ರಾನ್ಸಿಸ್ಟರ್, ನಾಲ್ಕು ರೆಸಿಸ್ಟರ್, ಒಂದು ಬ್ಯಾಟರಿ. ಒಂದು ಚಹಾ ಕುಡಿಯುವಷ್ಟರಲ್ಲಿ ಮುಗಿಯುತ್ತದೆ ಎಂದು ಮಗಳಿಗೆ ಮಾತು ಕೊಟ್ಟೆ. ಆ ಚಹಾ ಮೂರು ವಾರ ನಡೆಯಿತು.

ಮಗಳು ಸುಜಾತಾ ಚಿತ್ತಾಪುರದಲ್ಲಿ ಟೀಚರ್. ಎಲೆಕ್ಟ್ರಿಕ್ ಗಿಟಾರ್ ಬಾರಿಸುತ್ತಾಳೆ. ನಮ್ಮಪ್ಪ ಇರುವ ತನಕ ವಾಡಿಯ ವಿಹಾರದಲ್ಲಿ ಬುದ್ಧ ಪೂರ್ಣಿಮೆಯ ಕಾರ್ಯಕ್ರಮ ಅವನ ಶಹನಾಯಿಯಿಂದಲೇ ಶುರುವಾಗುತ್ತಿತ್ತು. ಅವನು ಹೋದ ಮೇಲೆ ಆ ಉದ್ದನೆಯ ಸ್ವರ ಅಲ್ಲಿ ಕೇಳಿರಲಿಲ್ಲ. ಈ ವರ್ಷ ಅಜ್ಜನ ಧಾಟಿಯನ್ನು ಗಿಟಾರಿನಲ್ಲಿ ನುಡಿಸುತ್ತೇನೆ ಎಂದು ಸುಜಾತಾ ಹಿರಿಯರೆದುರು ಒಪ್ಪಿಕೊಂಡು ಬಂದಳು. ಗಿಟಾರಿನ ಸ್ವರ ಟಣ್ ಎಂದು ಹುಟ್ಟಿ ಅಲ್ಲೇ ಸಾಯುತ್ತದೆ. ಅದನ್ನು ದಪ್ಪ ಮಾಡಿ, ಒರಟು ಮಾಡಿ, ಶಹನಾಯಿಯಂತೆ ಉದ್ದಕ್ಕೆ ಎಳೆಯುವ, ಕಾಲಿನಿಂದ ಒತ್ತುವ ಪೆಟ್ಟಿಗೆಗೇ ಫಜ್ ಪೆಡಲ್ ಎನ್ನುತ್ತಾರೆ.

ಹಳೆಯ ರೇಡಿಯೋಗಳಿಂದ ಕಿತ್ತಿಟ್ಟ ಜರ್ಮೇನಿಯಂ ಟ್ರಾನ್ಸಿಸ್ಟರುಗಳು ನನ್ನಲ್ಲಿದ್ದವು. ಪೆಟ್ಟಿಗೆಗೆ ಅಡುಗೆಮನೆಯ ಸ್ಟೀಲ್ ಡಬ್ಬಿ ಸಿಕ್ಕಿತು.

"ನನ್ನ ಡಬ್ಬಿಗಿ ತೂತು ಹೊಡದ್ರೇನು?" ಎಂದಳು ನನ್ನ ಹೆಂಡತಿ ಕಮಲಾಬಾಯಿ.

"ವಿಜ್ಞಾನದ ಸಲುವಾಗಿ ಹೊಡದೀನಿ."

"ವಿಜ್ಞಾನಕ್ಕ ನಿಮ್ಮ ಊಟದ ಡಬ್ಬಿ ಆಗ್ತಿರಲಿಲ್ಲೇನು?"

ಗಿಟಾರ್ ಜೋಡಿಸಿದೆವು. ತಗಡಿನ ಡಬ್ಬಿಯಲ್ಲಿ ಜೇನುನೊಣ ಸಿಕ್ಕಿಕೊಂಡಂಥ ಸದ್ದು ಬಂತು.

"ಅಪ್ಪಾ, ತಂತಿ ಕೆಳಗ ಸದ್ದು ಹಿಡಿಯೋ ಪಿಕಪ್ ಬ್ಯಾಟರಿ ಮ್ಯಾಲ ನಡೀತದ. ಹಳೆ ನಮೂನಿ ಫಜ್‌ಗಿ ಅದು ಹೊಂದಂಗಿಲ್ಲ ಅಂತ ಮೊದಲೇ ಹೇಳಿದ್ನಲ್ಲ," ಎಂದಳು ಸುಜಾತಾ.

ಹೇಳಿದ್ದು ನಿಜ. ಆಗ ನಾನು ಮಾತಾಡುತ್ತಿದ್ದೆ.

ಹೈದರಾಬಾದಿನಿಂದ ಬರೀ ಅಯಸ್ಕಾಂತ ಮತ್ತು ಸುರುಳಿಯ ಸಾದಾ ಪಿಕಪ್ ತರಿಸಿ ಕೂಡಿಸಿದೆ. ಜೋಡಿ ಹೊಂದಿತು. ಆದರೆ ಸಾದಾ ಸುರುಳಿ ಸುತ್ತಲಿನ ಕರೆಂಟಿನ ಸದ್ದನ್ನೆಲ್ಲ ಹಿಡಿಯುತ್ತದೆ, ಫಜ್ ಅದನ್ನು ಹತ್ತು ಪಟ್ಟು ಮಾಡುತ್ತದೆ. ಅಡುಗೆಮನೆಯ ಮಿಕ್ಸರ್ ತಿರುಗಿದರೆ ಶೇಂಗಾ ಚಟ್ನಿ ಸ್ಪೀಕರಿನಲ್ಲಿ ಕೇಳಿಸತೊಡಗಿತು. ಆದಕಾರಣ ತಾಲೀಮಿನ ವೇಳೆಯಲ್ಲಿ ಮಿಕ್ಸರ್ ಬಳಕೆಯನ್ನು ನಿಷೇಧಿಸಲಾಗಿದೆ ಎಂದು ಘೋಷಿಸಿದೆ.

"ಆಗಲೇಳ್ರಿ," ಎಂದು ಕಮಲಾಬಾಯಿ ಒಳಕಲ್ಲು ತೋರಿಸಿದಳು. "ಕುಂದ್ರಿ, ಅರೀರಿ."

ಹತ್ತು ದಿನ ಅರೆದೆ.

ಆದರೆ ಒಂದು ಮುಂಜಾನೆ ಸುಜಾತಾ ಎಳೆದ ಸ್ವರ ಕೇಳಿ ಕೈಯಲ್ಲಿದ್ದ ಗುಂಡುಕಲ್ಲು ನಿಂತುಬಿಟ್ಟಿತು. ಪಡಸಾಲೆಯಲ್ಲಿ ಅಪ್ಪನೇ ಕುಳಿತು ಊದಿದಂತಿತ್ತು. ಇನ್ನು ಉಳಿದದ್ದು ಒಂದೇ ದೋಷ. ಕಾಲಿಟ್ಟರೆ ಡಬ್ಬಿ ಜಾರುತ್ತಿತ್ತು. ಶಹಾಬಾದಿನವನಿಗೆ ಇದಕ್ಕೆ ಉಪಾಯ ಹೇಳಿಕೊಡಬೇಕೆ? ನಮ್ಮೂರ ನೆಲ, ಗೋಡೆ, ಮೆಟ್ಟಿಲು ಎಲ್ಲಕ್ಕೂ ಹಾಸುವ ಫರ್ಸಿಕಲ್ಲಿನ ಒಂದು ಹಲಗೆಗೆ ಡಬ್ಬಿಯನ್ನು ಅಂಟಿಸಿದೆ. ಜಗತ್ತಿನಲ್ಲಿ ಇಂಥ ಪೆಡಲ್ ಇನ್ನೊಂದಿಲ್ಲ. ಯಾಕಿಲ್ಲ ಎಂಬುದು ವಾಡಿಯಲ್ಲಿ ತಿಳಿಯಿತು.

ಹುಣ್ಣಿಮೆಯ ದಿನ ಬೆಳಿಗ್ಗೆ ಎಂಟಕ್ಕೇ ವಿಹಾರಕ್ಕೆ ಹೋಗಿ, ನಾಲ್ಕು ಮಂದಿಗೆ ಕಾಣಲಿ ಎಂದು ಅದನ್ನು ವೇದಿಕೆಯ ತುದಿಯಲ್ಲಿ ಇಟ್ಟೆ. ಶಾಮಿಯಾನದ ನೆರಳು ಅಲ್ಲಿಗೆ ಮುಟ್ಟುತ್ತಿರಲಿಲ್ಲ. ಹನ್ನೊಂದರ ತನಕ ಬಂದವರಿಗೆಲ್ಲ ತೋರಿಸಿದೆ. ನಂತರ ಸುಜಾತಾ ಪೆಡಲ್ ಒತ್ತಿ ಅಜ್ಜನ ಧಾಟಿಯ ಮೊದಲ ಸ್ವರ ಮೀಟಿದಳು.

ಪುರ್‌ರ್. ಆಮೇಲೆ ಏನೂ ಇಲ್ಲ.

ಸುಜಾತಾ ನನ್ನ ಕಡೆ ನೋಡಿದಳು. ನಾನು ಡಬ್ಬಿ ಮುಟ್ಟಿದೆ. ಫರ್ಸಿ ರೊಟ್ಟಿ ಹಂಚಾಗಿತ್ತು. ಜರ್ಮೇನಿಯಂ ಟ್ರಾನ್ಸಿಸ್ಟರ್ ಬಿಸಿ ತಾಳುವುದಿಲ್ಲ, ರೇಡಿಯೋ ಬಿಸಿಲಿಗೆ ಇಡಬೇಡಿ ಎಂದು ಮೂವತ್ತು ವರ್ಷ ಗಿರಾಕಿಗಳಿಗೆ ಬೈದವನು ನಾನೇ.

ಅಷ್ಟರಲ್ಲಿ ಕಮಲಾಬಾಯಿ ಕುಡಿಯುವ ನೀರಿನ ಕೊಡ ಮತ್ತು ಟವೆಲ್ ಹಿಡಿದು ವೇದಿಕೆ ಹತ್ತಿದಳು.

"ಸರೀರಿ ಅತ್ಲಾಗ."

"ನೀರು ಹಾಕಬ್ಯಾಡ, ಶಾರ್ಟ್ ಆಗ್ತದ."

"ಈಗೇನು ಭಾಳ ಚೆಂದ ಹಾಡ್ಲಿಕತ್ತದೇನು? ಮನ್ಯಾಗ ದಿನಾ ಮಧ್ಯಾಹ್ನ ಫರ್ಸಿಗಿ ನೀರು ಯಾಕ ಹಾಕ್ತೀನಿ ಅಂತ ಮಾಡೀರಿ?"

ಕಲ್ಲನ್ನು ನೆರಳಿಗೆ ಎಳೆಸಿ, ಡಬ್ಬಿ ತಪ್ಪಿಸಿ ಸುತ್ತಲೂ ನೀರು ಸುರಿದಳು. ಡಬ್ಬಿಗೆ ಹಿಂಡಿದ ಟವೆಲ್ ಸುತ್ತಿದಳು. ನನ್ನ ಕೈಗೆ ಬೀಸಣಿಗೆ ಕೊಟ್ಟಳು.

ಹಿರಿಯರೊಬ್ಬರು ಮೈಕಿನಲ್ಲಿ ಹೇಳಿದರು: "ಸ್ವಲ್ಪ ತಡೀರಿ. ಅಕ್ಕೋರು ಡಬ್ಬಿದು ಜ್ವರ ಇಳಸ್ಲಿಕತ್ಯಾರ."

ಕಾಲು ತಾಸು ಬೀಸಿದೆ. ಸುಜಾತಾ ಮತ್ತೆ ಮೀಟಿದಳು. ಸ್ವರ ಎದ್ದಿತು, ಸಾಯದೆ ನಿಂತಿತು, ಶಾಮಿಯಾನ ದಾಟಿ ರೈಲು ಹಳಿಯ ಕಡೆ ಹೋಯಿತು. ಮುಂದಿನ ಸಾಲಿನ ಮುದುಕರು ಕಣ್ಣು ಮುಚ್ಚಿ ಅಪ್ಪನ ಹೆಸರು ಹೇಳಿದರು. ನನ್ನ ಎದೆ ಎಷ್ಟು ಉಬ್ಬಿತೆಂದರೆ ಅಂಗಿಯ ಗುಂಡಿಗೆ ಕಷ್ಟವಾಯಿತು.

ಕೊನೆಗೆ ಸನ್ಮಾನ. ಸುಜಾತಾಳಿಗೆ ಒಂದು ಶಾಲು. ಪೆಡಲ್ ರಿಪೇರಿ ಮಾಡಿದ್ದಕ್ಕೆ ಕಮಲಾಬಾಯಿಗೆ ಒಂದು ಶಾಲು. ನಾನು ಕೂದಲು ಸವರಿಕೊಂಡು ಸಿದ್ಧನಾದೆ.

"ಬೀಸಿದವ್ರು ಆ ಕಲ್ಲು ಎತ್ತಿಕೊಂಡು ಕೆಳಗ ಇಳೀರಿ, ಊಟದ ಎಲಿ ಹಾಕ್ಲಿಕ್ಕ ಜಾಗಾ ಬೇಕು," ಎಂದಿತು ಮೈಕು.

ಇಳಿದೆ. ಆ ಒದ್ದೆ ಟವೆಲನ್ನು ನಾನೇ ಹೆಗಲಿಗೆ ಹೊದ್ದುಕೊಂಡೆ. ಬಿಸಿಲಿನಲ್ಲಿ ಶಾಲಿಗಿಂತ ತಂಪಾಗಿತ್ತು.