ಗುಡಿಗೆ ಹೊಡೆದ ಮೊಳೆ

ಕ್ಯಾನ್ವಾಸ್ ಸಿದ್ಧಪಡಿಸುವುದೆಂದರೆ ಅಂಗಿಗೆ ಗಂಜಿ ಹಾಕಿದಷ್ಟೇ ಸುಲಭ ಎಂದು ನಾನು ನಂಬಿದ್ದೆ. ಮೂವತ್ತು ವರ್ಷ ಗಣಿತ ಕಲಿಸಿದವನಿಗೆ ಒಂದು ತುಂಡು ಬಟ್ಟೆ ಯಾವ ಲೆಕ್ಕ?

ಹಿರೇಹಡಗಲಿಯ ನಾದಿನಿ ಶಾಂತಾಳ ಗೃಹಪ್ರವೇಶಕ್ಕೆ ನೀಲಗುಂದದ ಭೀಮೇಶ್ವರ ಗುಡಿಯ ಚಿತ್ರ ಬರೆದುಕೊಡುವುದಾಗಿ ಮಾತು ಕೊಟ್ಟಿದ್ದೆ. ಅವಳು ಆಗಲೇ ಪಡಸಾಲೆಯ ಗೋಡೆಗೆ ಮೊಳೆ ಹೊಡೆಸಿ, ಬಂಧುಬಳಗಕ್ಕೆಲ್ಲ ಸುದ್ದಿ ಮುಟ್ಟಿಸಿದ್ದಳು. ನನ್ನ ಹೆಂಡತಿ ಗಿರಿಜಾಳ ಮಾನವೆಲ್ಲ ಆ ಮೊಳೆಯ ಮೇಲೆ ನಿಂತಿತ್ತು.

"ದಾವಣಗೆರಿಯಾಗ ತಯಾರಿದ್ದ ಕ್ಯಾನ್ವಾಸ್ ಸಿಗತೈತಂತ, ಒಂದು ತಂದುಬಿಡ್ರಿ," ಎಂದಳು.

"ಅದನ್ನ ತರಾಕ ನಾನ್ಯಾಕ ಬೇಕು?" ಎಂದೆ.

ಪಕ್ಕದ ಮನೆಯ ಬಡಗಿ ಖಾಸಿಂಸಾಬ್ ಚೌಕಟ್ಟು ಮಾಡಿಕೊಟ್ಟರು. ಗೃಹಪ್ರವೇಶಕ್ಕೆ ಉಡಲೆಂದು ಗಿರಿಜಾ ತಂದಿದ್ದ ನನ್ನ ಹೊಸ ಪಂಚೆಯನ್ನು ಎರಡು ಪದರ ಮಾಡಿ, ಹಲ್ಲು ಕಚ್ಚಿ ಎಳೆದು ಬಿಗಿದೆ. ಬಟ್ಟೆ ಬಣ್ಣ ಕುಡಿಯದಂತೆ ಜೆಸ್ಸೊ ಎಂಬ ಬಿಳಿ ಲೇಪ ಬಳಿಯಬೇಕಂತೆ. ಊರ ತುಂಬ ಮೆಕ್ಕೆಜೋಳ ಇರುವಾಗ ಜೆಸ್ಸೊ ಯಾಕೆ? ಅದರ ಹಿಟ್ಟಿನ ಗಂಜಿ ಕಾಯಿಸಿ, ಇರುವೆ ಮುತ್ತದಿರಲೆಂದು ಒಂದು ಹಿಡಿ ಉಪ್ಪು ಬೆರೆಸಿ, ಮೂರು ಸಲ ಬಳಿದೆ.

ಒದ್ದೆ ಬಟ್ಟೆ ಎಳೆದುಕೊಂಡು ಚೌಕಟ್ಟು ಸೊಟ್ಟಗಾಯಿತು. ಮೂರು ಮೂಲೆ ನೆಲದಲ್ಲಿ, ಒಂದು ಗಾಳಿಯಲ್ಲಿ!

"ಅಷ್ಟು ಬಿಗೀಬ್ಯಾಡ್ರಿ ಮಾಸ್ತರ್ರ, ನೀರು ಬಿದ್ರ ಬಟ್ಟಿ ಸಣ್ಣಾಗತೈತಿ ಅಂತ ಹೇಳಿದ್ನೆಲ್ರಿ," ಎಂದರು ಖಾಸಿಂಸಾಬ್.

"ಬಿಸಿಲಿಗೆ ಸರಿಹೋಗತೈತಿ ಬಿಡ್ರಿ."

ಎಲ್ಲರೂ ಮೆಕ್ಕೆಜೋಳ ಒಣಹಾಕಿದ್ದ ರಸ್ತೆಯ ಬದಿಯಲ್ಲೇ ಕ್ಯಾನ್ವಾಸನ್ನೂ ಮಲಗಿಸಿ, ಎದ್ದ ಮೂಲೆಗೆ ಕಲ್ಲು ಹೇರಿ, ಚಹಾ ಕುಡಿಯಲು ಒಳಗೆ ಹೋದೆ. ಜೋಳ ಕಾಯಲು ಕೋಲು ಹಿಡಿದ ಅಜ್ಜಿಯರಿದ್ದರು. ನನ್ನ ಕಲೆಗೆ ಯಾರೂ ಇರಲಿಲ್ಲ.

"ಏನ್ರೀ, ನಿಮ್ಮ ಗುಡಿ ಆಡು ತಿನ್ನಾಕತ್ತೈತಿ," ಎಂದು ಗಿರಿಜಾ ಕೂಗಿದಳು.

ಖಾಸಿಂಸಾಬರ ಆಡು ಉಪ್ಪುಗಂಜಿ ನೆಕ್ಕಿ ಮುಗಿಸಿ, ಪಂಚೆಯ ನಡುಭಾಗ ನುಂಗಿ, ಅಂಚು ಜಗಿಯುತ್ತಿತ್ತು. ಮೈಯೆಲ್ಲ ಉರಿಯಿತು. ಬೈಯೋಣವೆಂದರೆ ಉಪ್ಪು ಹಾಕಿದವನು ನಾನೇ.

ಮರುದಿನವೇ ಗೃಹಪ್ರವೇಶ. ಹಳೆಯ ಪ್ಯಾಂಟಿನಲ್ಲಿ ಹೋದೆ. ಬಂದವರೆಲ್ಲ ಖಾಲಿ ಮೊಳೆ ನೋಡಿ, ಆಮೇಲೆ ನನ್ನನ್ನು ನೋಡುತ್ತಿದ್ದರು. ಗಿರಿಜಾ ತಲೆ ಎತ್ತಲಿಲ್ಲ. ನನಗೂ ನಾಚಿಕೆಯಾಯಿತು. ಊಟ ಬಡಿಸುವಾಗ ಸೆಕೆ ತಾಳದೆ ಅಂಗಿ ಬಿಚ್ಚಿದೆ. ಬೇರೆ ಜಾಗ ಕಾಣದೆ ಆ ಮೊಳೆಗೇ ಸಿಕ್ಕಿಸಿದೆ.

"ಅಕ್ಕಾ, ಅಂತೂ ಮಾಮಾರ ಚಿತ್ರ ಬಂತು ನೋಡು," ಎಂದಳು ಶಾಂತಾ.

ಗಿರಿಜಾ ಅಂಗಿಯನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು.

"ಇರಲಿ ಬಿಡು. ಇದಕ್ಕ ಗಂಜಿ ಹಾಕಿಲ್ಲ, ಆಡು ಮುಟ್ಟಂಗಿಲ್ಲ."